ಚಳಿಗಾಲದ ಸೈಕಲ್, ಆಮೇಲೆ ಬಿಯರ್

ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಬೆಂಗಳೂರು 15-16 ಡಿಗ್ರಿಗೆ ಇಳಿಯುತ್ತದೆ. ಸೈಕಲ್ ಮೇಲೆ ಗಾಳಿ ಬಡಿದು ಚಳಿ ಇನ್ನೂ ಜಾಸ್ತಿ ಅನಿಸುತ್ತದೆ, ಅಲ್ವಾ? ದಪ್ಪ ಸ್ವೆಟರ್ ಮಾತ್ರ ಬೇಡ. ಹತ್ತು ನಿಮಿಷ ತುಳಿದರೆ ಬೆವರುತ್ತೀರಿ, ಸಿಗ್ನಲ್‌ನಲ್ಲಿ ನಿಂತಾಗ ಆ ಬೆವರೇ ತಣ್ಣಗಾಗಿ ನಡುಕ ಹತ್ತುತ್ತದೆ. ಒಳಗೆ ಬೇಗ ಒಣಗುವ ಟೀ ಶರ್ಟ್, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ಆ ಥರದ ಜಾಕೆಟ್ ಇಲ್ಲದಿದ್ದರೆ ಹಳೆ ಪೇಪರ್ ಮಡಚಿ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಿ, ನಾನು ಈಗಲೂ ಹಾಗೇ ಮಾಡುತ್ತೇನೆ. ಗ್ಲೌಸ್ ಬೇಕೇ ಬೇಕು.

ಸಂಜೆ ಇಂದಿರಾನಗರದ ಬ್ರೂ ಪಬ್‌ಗೆ (ಬಿಯರ್ ಅಲ್ಲೇ ತಯಾರಿಸುವ ಪಬ್) ಹೋಗುವ ದಿನ ಸೈಕಲ್ ಬಿಟ್ಟು ಮೆಟ್ರೋ ಹತ್ತಿ. ಬಿಯರ್ ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜವಾಗಿ ಚರ್ಮದ ರಕ್ತನಾಳ ಹಿಗ್ಗಿ ಮೈ ಬಿಸಿ ಹೊರಗೆ ಹೋಗುತ್ತದೆ. ಈ ಚಳಿಗೆ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕೇಳಿ, ಐದು ನಿಮಿಷ ಸುಮ್ನೆ ಬಿಡಿ. ತೀರಾ ತಣ್ಣಗಿದ್ದರೆ ಹುರಿದ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಕಾಫಿಯಂಥ ರುಚಿ ಗೊತ್ತೇ ಆಗುವುದಿಲ್ಲ.