ನರಕದ ಕಣಿವೆ ಹಾದು ತ್ಸುಗ್‌ಶ್ಪಿಟ್ಸೆ ಹತ್ತುವುದು ಹೇಗೆ?

ಮ್ಯೂನಿಕ್‌ಗೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ಬೇಸಿಗೆಯಲ್ಲೇ ಕೇಬಲ್ ಕಾರ್ ಹತ್ತಿ ತ್ಸುಗ್‌ಶ್ಪಿಟ್ಸೆ ಶಿಖರಕ್ಕೆ ಹೋಗುತ್ತಾರೆ. ತುದಿಯಲ್ಲಿರುವ ಚಿನ್ನದ ಬಣ್ಣದ ಶಿಲುಬೆ ಕಾಣುವ ಹಾಗೆ ಒಂದು ಫೋಟೊ, ಒಂದು ಕಾಫಿ, ವಾಪಸ್. ತಪ್ಪೇನಿಲ್ಲ. ಆದರೆ ಅಲ್ಲಿ ನಿಂತಾಗ ಹೆಲ್ಮೆಟ್ ಹಾಕಿಕೊಂಡು, ಬೆವರು ಸುರಿಸುತ್ತಾ, ಬಂಡೆಯಂಚಿನಿಂದ ಒಬ್ಬೊಬ್ಬರೇ ಮೇಲೆದ್ದು ಬರುವವರು ಕಾಣುತ್ತಾರಲ್ಲ, ಇವರೆಲ್ಲ ಎಲ್ಲಿಂದ ಬಂದರಪ್ಪಾ ಅನ್ನಿಸುತ್ತೆ ಅಲ್ವಾ? ಅವರು ಬಂದದ್ದು ಹೊಲ್ಲೆಂಟಾಲ್ ಕಡೆಯಿಂದ. ಆ ಹೆಸರಿನ ಅರ್ಥವೇ ನರಕದ ಕಣಿವೆ.

ಮೊದಲು ಲೆಕ್ಕ ನೋಡಿ. ಶಿಖರ 2962 ಮೀಟರ್, ಜರ್ಮನಿಯಲ್ಲೇ ಎತ್ತರ. ನಡಿಗೆ ಶುರುವಾಗುವ ಹಾಮರ್ಸ್‌ಬಾಖ್ ಹಳ್ಳಿ ಇರುವುದು ಸುಮಾರು 760 ಮೀಟರ್‌ನಲ್ಲಿ. ಅಂದರೆ 2200 ಮೀಟರ್ ಏರಬೇಕು. ನಮ್ಮ ಮುಳ್ಳಯ್ಯನಗಿರಿಯನ್ನು ಮಂಗಳೂರಿನ ಕಡಲ ದಂಡೆಯಿಂದ ನಡೆದು ಹತ್ತಿದರೂ ಇಷ್ಟಾಗಲ್ಲ. ಇಲ್ಲಿನ ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನೀವು ಎರಡು ದಿನ ಇಟ್ಟುಕೊಳ್ಳಿ. ಈ ದಾರಿಯಲ್ಲಿ ಜನ ಸೋಲುವುದು ಹೆಚ್ಚಾಗಿ ಬಂಡೆಗೆ ಹೆದರಿ ಅಲ್ಲ, ತಡವಾಗಿ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದು, ಮರುದಿನ ಮೆಟ್ಟಿಲು ನೋಡಿ ಅಳು ಬರದಿದ್ದರೆ ನಿಮ್ಮ ಕಾಲು ಇದಕ್ಕೆ ಹತ್ತಿರ ಬಂದಿದೆ ಎಂದುಕೊಳ್ಳಿ. ಎತ್ತರದ ಭಯ ಇದ್ದರೆ ಮಾತ್ರ ಬೇಡವೇ ಬೇಡ.

ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋಗಬಹುದು. ಅದಕ್ಕೂ ಮುಂಚೆ ಮೇಲೆ ಹಿಮ ಜಾಸ್ತಿ.

ಸಾಮಾನು

ಹೆಲ್ಮೆಟ್, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ), ವಿಯಾ ಫೆರಾಟಾ ಸೆಟ್, ಕ್ರ್ಯಾಂಪಾನ್ (ಮಂಜುಗಡ್ಡೆ ಮೇಲೆ ಜಾರದಂತೆ ಬೂಟಿಗೆ ಕಟ್ಟುವ ಲೋಹದ ಮುಳ್ಳು), ಕೈಗವಸು, ಮಳೆ ಜಾಕೆಟ್. ವಿಯಾ ಫೆರಾಟಾ ಅಂದರೆ ಇಟಾಲಿಯನ್‌ನಲ್ಲಿ ಕಬ್ಬಿಣದ ದಾರಿ. ಬಂಡೆಗೆ ಉಕ್ಕಿನ ಹಗ್ಗ, ಗೂಟ, ಏಣಿ ಬಡಿದು ಮಾಡಿದ ದಾರಿ. ಮೊದಲ ಮಹಾಯುದ್ಧದಲ್ಲಿ ಡೋಲೊಮೈಟ್ಸ್ ಬೆಟ್ಟಗಳಲ್ಲಿ ಸೈನಿಕರು ಓಡಾಡಲು ಇಂಥವನ್ನು ಬಹಳ ಮಾಡಿದ್ದರು. ಸೆಟ್ ಎಂದರೆ ಹಾರ್ನೆಸ್‌ಗೆ ಕಟ್ಟುವ, ಮರದ ಕವೆಯ ಹಾಗೆ ಎರಡಾಗಿ ಒಡೆದ ಪಟ್ಟಿ. ಎರಡು ತುದಿಗೂ ಒಂದೊಂದು ಕ್ಯಾರಬಿನರ್, ಅಂದರೆ ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ. ಬುಡದಲ್ಲೊಂದು ಪುಟ್ಟ ಚೀಲ ಇರುತ್ತದೆ. ಅದರೊಳಗೆ ಮಡಚಿ ಹೊಲಿದ ಪಟ್ಟಿ ಇದೆ. ಬಿದ್ದರೆ ಆ ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಇದಿಲ್ಲದೆ ಸುಮ್ನೆ ಯಾವುದೋ ಹಗ್ಗ ಕಟ್ಟಿಕೊಂಡು ಹೋದರೆ ಬೆನ್ನು ಮುರಿಯುತ್ತದೆ, ಇಲ್ಲವೇ ಹಗ್ಗ. ಈಗಿನ ಸೆಟ್‌ಗಳು 40ರಿಂದ 120 ಕೆ.ಜಿ. ತೂಕದವರಿಗೆ. ಆ 120ಕ್ಕೆ ಬ್ಯಾಗೂ ಸೇರಿತು, ಮರೀಬೇಡಿ. ಎಲ್ಲ ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುತ್ತವೆ.

ಮೊದಲ ದಿನ

ಬೆಟ್ಟದ ಬುಡದ ಊರು ಗಾರ್ಮಿಶ್‌ನಿಂದ ಹಲ್ಲುಗಾಲಿ ರೈಲು ಹಿಡಿದು ಹಾಮರ್ಸ್‌ಬಾಖ್‌ನಲ್ಲಿ ಇಳಿಯಿರಿ. ಕಾಡಿನಲ್ಲಿ ಒಂದು ಗಂಟೆ ನಡೆದರೆ ಕೊರಕಲು. ಟಿಕೆಟ್ ಇದೆ. 1905ರಲ್ಲಿ ತೆರೆದ ದಾರಿ, ಸುಮಾರು ಒಂದು ಕಿಲೋಮೀಟರ್, ಬಂಡೆ ಕೊರೆದ ಸುರಂಗಗಳು, ಕೆಳಗೆ ಭೋರ್ಗರೆಯುವ ನೀರು, ಮೇಲಿಂದ ತಲೆ ಮೇಲೆ ತೊಟ್ಟಿಕ್ಕುವ ನೀರು. ಜಾಕೆಟ್ ಬ್ಯಾಗಿನ ತಳಕ್ಕೆ ಹಾಕಿದ್ದರೆ ಇಲ್ಲೇ ಪಾಠವಾಗುತ್ತದೆ.

ಹೊರಗೆ ಬಂದು ಇನ್ನೊಂದಿಷ್ಟು ಏರಿದರೆ 1387 ಮೀಟರ್‌ನಲ್ಲಿ ಹೊಲ್ಲೆಂಟಾಲಾಂಗರ್ ಹಟ್. ಈಗಿನ ಕಟ್ಟಡ 2015ರಲ್ಲಿ ತೆರೆದದ್ದು. ಹಾಸಿಗೆ ಮೊದಲೇ ಬುಕ್ ಮಾಡಿರಬೇಕು, ವಾರಾಂತ್ಯಕ್ಕಂತೂ ಬಹಳ ಮುಂಚೆ. ಕುಮಾರ ಪರ್ವತದ ಭಟ್ಟರ ಮನೆ ನೆನಪಿದೆಯಲ್ಲ, ಸುಸ್ತಾಗಿ ಬಂದವರಿಗೆ ಬಿಸಿ ಅನ್ನ, ಸಾರು? ಇದೂ ಅದೇ ಕೆಲಸ ಮಾಡುತ್ತದೆ, ನಿಯಮ ಜಾಸ್ತಿ ಅಷ್ಟೆ. ಬೂಟು ಬಾಗಿಲಲ್ಲೇ ಬಿಡಬೇಕು. ಬೂಟಿನ ಕೋಣೆಯ ವಾಸನೆ ಬಗ್ಗೆ ನಾನು ಬರೆಯಲ್ಲ. ಮಲಗಲು ಉದ್ದಕ್ಕೂ ಹಾಸಿದ ಹಾಸಿಗೆಗಳ ಸಾಲು, ಪಕ್ಕದಲ್ಲಿ ಯಾರೋ ಅಪರಿಚಿತರು. ಕಂಬಳಿ ಅವರದು, ಒಳಗೆ ಹೊದೆಯುವ ತೆಳು ಚೀಲ ನಿಮ್ಮದು. ರಾತ್ರಿ ಹತ್ತಕ್ಕೆ ಸದ್ದಿಲ್ಲ, ಗೊರಕೆ ಬಿಟ್ಟು. ಮಾಂಸ ತಿನ್ನದವರಿಗೆ ಚೀಸ್ ಹಾಕಿದ ಶ್ಪೆಟ್ಸ್ಲೆಯೋ (ದಪ್ಪ ಶಾವಿಗೆಯಂಥದ್ದು) ಕೈಸರ್‌ಶ್ಮಾರ್ನೋ (ತುಂಡು ಮಾಡಿದ ಸಿಹಿ ಪ್ಯಾನ್‌ಕೇಕ್) ಸಿಕ್ಕರೆ ಸಾಕು, ಹೊಟ್ಟೆ ತುಂಬುತ್ತದೆ. ನಗದು ಇಟ್ಟುಕೊಂಡಿರಿ.

ಊಟಕ್ಕಿಂತ ಮುಖ್ಯವಾದದ್ದು, ಹಟ್ ನೋಡಿಕೊಳ್ಳುವವರ ಹತ್ತಿರ ಎರಡು ಪ್ರಶ್ನೆ ಕೇಳಿ: ನಾಳೆ ಗುಡುಗು ಉಂಟಾ? ಮೇಲೆ ದಾಟಬೇಕಾದ ಹಿಮನದಿಗೂ ಬಂಡೆಗೂ ನಡುವಿನ ಬಿರುಕು ಈಗ ಹೇಗಿದೆ? ಉತ್ತರ ಸರಿಯಿಲ್ಲ ಅನ್ನಿಸಿದರೆ ಇಲ್ಲಿಂದಲೇ ವಾಪಸ್. ಒಳ್ಳೆಯ ಊಟ, ಒಂದು ಕೊರಕಲು, ಲಾಸ್ ಏನಿಲ್ಲ.

ಎರಡನೆಯ ದಿನ

ಬೆಳಗ್ಗೆ ಐದಕ್ಕೆ ಹೊರಡಿ. ಶಿಖರಕ್ಕೆ ಐದಾರು ಗಂಟೆ ಬೇಕು, ಬೇಸಿಗೆಯ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಸಿಡಿಲಿನ ಹೊತ್ತಿಗೆ ಉಕ್ಕಿನ ಹಗ್ಗ ಹಿಡಿದು ನಿಂತಿರುವುದು ಯಾರಿಗೂ ಬೇಡ.

ಕಣಿವೆಯ ಕೊನೆಯಲ್ಲಿ ಮೊದಲು 'ಏಣಿ' ಅನ್ನುವ ಜಾಗ, ನೆಟ್ಟಗೆ ಕಬ್ಬಿಣದ ಮೆಟ್ಟಿಲುಗಳು. ಆಮೇಲೆ 'ಹಲಗೆ'. ಹೆಸರು ಹಲಗೆ, ಇರುವುದು ನುಣ್ಣನೆ ಬಂಡೆಗೆ ಅಡ್ಡಡ್ಡ ಹೊಡೆದ ಗೂಟಗಳು, ಕಾಲ ಕೆಳಗೆ ಬರೀ ಗಾಳಿ. ಇಲ್ಲಿ ಕ್ಲಿಪ್ ಹಾಕುವುದು ಕೈಗೆ ಕೂರಬೇಕು. ಎರಡೂ ಕ್ಯಾರಬಿನರ್ ಹಗ್ಗದಲ್ಲಿ ಓಡುತ್ತಿರುತ್ತವೆ. ಹಗ್ಗವನ್ನು ಬಂಡೆಗೆ ಕಟ್ಟಿದ ಗೂಟ ಬಂತು. ನಿಲ್ಲಿ. ಕಾಲು ಭದ್ರ ಮಾಡಿ. ಒಂದನ್ನು ಬಿಚ್ಚಿ, ಗೂಟದ ಆಚೆ ಹಾಕಿ, 'ಟಕ್' ಅನ್ನುವ ಸದ್ದು ಕೇಳಿ, ಆಮೇಲಷ್ಟೇ ಎರಡನೆಯದು. ಎರಡನ್ನೂ ಒಟ್ಟಿಗೆ ಬಿಚ್ಚುವುದು ಯಾವತ್ತೂ ಇಲ್ಲ, ಹಿಂದಿನವರು ಎಷ್ಟೇ ಅವಸರ ಮಾಡಲಿ. ಎರಡು ಗೂಟಗಳ ನಡುವೆ ಒಬ್ಬರೇ. ಮೇಲಿನವರು ಬಿದ್ದರೆ ಕೆಳಗಿನ ಗೂಟದವರೆಗೂ ಜಾರಿ ಬರುತ್ತಾರೆ, ನೀವು ಅಲ್ಲಿದ್ದರೆ ನಿಮ್ಮ ಮೇಲೆ.

ಆಮೇಲೆ ಕಲ್ಲುಪುಡಿಯ ಏರು, ಅದರ ಮೇಲೆ ಹಿಮನದಿ. ಜರ್ಮನಿಯಲ್ಲಿ ಉಳಿದಿರುವ ಬೆರಳೆಣಿಕೆಯ ಹಿಮನದಿಗಳಲ್ಲಿ ಇದೂ ಒಂದು, ವರ್ಷ ವರ್ಷ ಕುಗ್ಗುತ್ತಿದೆ. ನಾನು ಮೊದಲ ಸಲ ಬಂದಾಗ ಬಾಡಿಗೆ ಕ್ರ್ಯಾಂಪಾನನ್ನು ಮನೆಯಲ್ಲಿ ಬೂಟಿಗೆ ಹಾಕಿ ನೋಡಿರಲಿಲ್ಲ. ಮೂರನೇ ಹೆಜ್ಜೆಗೆ ಎಡಗಾಲಿನದು ಕಳಚಿ ಪಕ್ಕಕ್ಕೆ ವಾಲಿತು. ಮರಗಟ್ಟಿದ ಬೆರಳಿಂದ ಪಟ್ಟಿ ಎಳೆಯುತ್ತಾ, ಅಳತೆ ಸರಿಮಾಡುತ್ತಾ ಮುಕ್ಕಾಲು ಗಂಟೆ ಕೂತೆ. ಅಷ್ಟರಲ್ಲಿ ಮೋಡ ಬಂತು. ಬಂದ ದಾರಿಯಲ್ಲೇ ಇಳಿದೆ. ಮನೆಯಲ್ಲಿ ಐದು ನಿಮಿಷದ ಕೆಲಸ ಅದು.

ಹಿಮನದಿ ಮುಗಿದು ಬಂಡೆ ಹಿಡಿಯುವ ಜಾಗವೇ ಇಡೀ ದಾರಿಯ ಕಷ್ಟದ ಜಾಗ, ನನ್ನ ಮಟ್ಟಿಗೆ. ಬೇಸಿಗೆ ಮುಗಿಯುತ್ತಾ ಬಂದಂತೆ ಮಂಜುಗಡ್ಡೆ ಕರಗಿ ಬಿರುಕು ಅಗಲವಾಗುತ್ತದೆ. ದಾಟುವುದು ಹೇಗೆಂದು ಕಾಣದಿದ್ದರೆ ಹಾರಿ ನೋಡಬೇಡಿ, ಹಿಂದಿರುಗಿ. ದಾಟಿದರೆ ಮುಂದೆ ಸುಮಾರು 600 ಮೀಟರ್ ಎತ್ತರ ಹಗ್ಗವೇ ಹಗ್ಗ. ತುಂಬಾ ಕಠಿಣವೇನಲ್ಲ, ಉದ್ದ. ಕೈಯಿಂದ ಎಳೆದುಕೊಳ್ಳಬೇಡಿ, ಕಾಲಿಂದ ಏರಿ. ತೊಂದರೆಯಾದರೆ 112. ಸಿಗ್ನಲ್ ಇಲ್ಲವೇ? ನಿಮಿಷಕ್ಕೆ ಆರು ಸಲ ಸೀಟಿ ಅಥವಾ ಟಾರ್ಚ್, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಶಿಲುಬೆ ಮುಟ್ಟಿದ ಮೇಲೆ ಚಪ್ಪಲಿ ಹಾಕಿಕೊಂಡು ಸಾಸೇಜ್ ತಿನ್ನುತ್ತಿರುವ ಜನ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಇಳಿಯಲು ರೈನ್‌ಟಾಲ್ ದಾರಿ ಇದೆ, ಕ್ನೋರ್ ಹಟ್ ಹಾದು ಗಾರ್ಮಿಶ್‌ಗೆ 20 ಕಿಲೋಮೀಟರ್‌ಗೂ ಜಾಸ್ತಿ. ಮಂಡಿ ಮೇಲೆ ಪ್ರೀತಿ ಇರುವವರು ಕೇಬಲ್ ಕಾರ್ ಹಿಡಿಯಿರಿ, ಕೊನೆಯದು ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಹತ್ತುವ ಮುಂಚೆ ಕ್ರ್ಯಾಂಪಾನನ್ನು ಬ್ಯಾಗಿನ ಹೊರಗೆ ನೇತುಹಾಕಿಕೊಳ್ಳದೆ ಒಳಗಿಡಿ. ಒಳಗೆ ಜನ ಒತ್ತಿಕೊಂಡೇ ನಿಂತಿರುತ್ತಾರೆ, ಪಕ್ಕದವರ ಪ್ಯಾಂಟ್ ಹರಿದೀತು.