ಕೊನೆಯಿಂದ ಹೆಣೆಯುವ ಪ್ರವಾಸ

ಸಚಿವರ ವಿದೇಶ ಭೇಟಿಗಳನ್ನು ಯೋಜಿಸುವ ಶಿಷ್ಟಾಚಾರ ವಿಭಾಗಕ್ಕೆ ಸೇರಿದ ಹೊಸತರಲ್ಲಿ ನಾನು ಮೊದಲು ತೆರೆಯುತ್ತಿದ್ದುದು ವಿಮಾನಗಳ ವೇಳಾಪಟ್ಟಿಯನ್ನು. ಈಗ ಅದನ್ನು ಕಡೆಗೆ ತೆರೆಯುತ್ತೇನೆ. ಸಚಿವರು ಮರಳುವಾಗ ಅವರ ಕೈಯಲ್ಲಿ ಏನಿರಬೇಕು ಎಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ: ಸಹಿಯಾದ ಒಪ್ಪಂದವೇ, ನಿಂತುಹೋದ ಮಾತುಕತೆಯ ಪುನರಾರಂಭವೇ, ಅಥವಾ ಬರಿಯ ಮುಖಪರಿಚಯವೇ? ಆ ವಾಕ್ಯ ಮೂಡದಿದ್ದರೆ ಭೇಟಿಯನ್ನು ಮುಂದೂಡುವಂತೆ ಟಿಪ್ಪಣಿ ಬರೆಯುತ್ತೇನೆ; ಅದಕ್ಕೆ ಒಪ್ಪಿಗೆ ಸಿಗುವುದು ಅಪರೂಪವೆಂಬುದು ಬೇರೆ ಮಾತು.

ಈ ಕ್ರಮವನ್ನು ಕಲಿಸಿದ್ದು ನನ್ನದೇ ಒಂದು ತಪ್ಪು. ವಾಣಿಜ್ಯ ಸಚಿವರೊಬ್ಬರು ಒಪ್ಪಂದವೊಂದಕ್ಕೆ ಸಹಿ ಹಾಕಲು ಹೊರಟಿದ್ದರು. ಕೊಠಡಿ, ಧ್ವಜಗಳು, ಎರಡೂ ಭಾಷೆಗಳ ಪ್ರತಿಗಳು, ಲೇಖನಿಗಳು ಸಹ ಸಿದ್ಧವಾಗಿದ್ದವು. ಹೊರಡಲು ಮೂರು ದಿನಗಳಿರುವಾಗ ಆತಿಥೇಯ ದೇಶದ ಕಾನೂನು ಅಧಿಕಾರಿಯೊಬ್ಬರು ಸಚಿವರ ಪೂರ್ಣಾಧಿಕಾರ ಪತ್ರದ ಪ್ರತಿಯನ್ನು ಕೇಳಿದರು. ಅಂಥ ಪತ್ರಕ್ಕಾಗಿ ನಾನು ಕೋರಿಕೆಯನ್ನೇ ಸಲ್ಲಿಸಿರಲಿಲ್ಲ. ಒಪ್ಪಂದಗಳ ಕಾನೂನಿಗೆ ಸಂಬಂಧಿಸಿದ 1969ರ ವಿಯೆನ್ನಾ ಒಡಂಬಡಿಕೆಯ 7ನೇ ವಿಧಿಯಂತೆ ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು ಮತ್ತು ವಿದೇಶಾಂಗ ಸಚಿವರು ತಮ್ಮ ಹುದ್ದೆಯ ಬಲದಿಂದಲೇ ಒಪ್ಪಂದಕ್ಕೆ ಸಹಿ ಹಾಕಬಲ್ಲರು. ಉಳಿದವರು, ಸಂಪುಟದಲ್ಲಿ ಎಷ್ಟೇ ಹಿರಿಯರಾಗಿದ್ದರೂ, ಸಾಮಾನ್ಯವಾಗಿ ಈ ಮೂವರಲ್ಲೊಬ್ಬರು ನೀಡಿದ ಪತ್ರವನ್ನು ತೋರಿಸಬೇಕಾಗುತ್ತದೆ. ನಮ್ಮ ವಿದೇಶಾಂಗ ಸಚಿವರು ಆಗ ಬೇರೊಂದು ಖಂಡದಲ್ಲಿದ್ದರು. ಪತ್ರ ನನ್ನ ಕೈಸೇರಿದ್ದು ನಿಯೋಗ ವಿಮಾನವೇರುವ ದಿನದ ಬೆಳಿಗ್ಗೆ. ಅಂದಿನಿಂದ ಸಹಿಯಿರುವ ಪ್ರತಿಯೊಂದು ಭೇಟಿಯ ಕಡತದಲ್ಲೂ ಆ ಪತ್ರದ ಕೋರಿಕೆಯೇ ಮೊದಲ ಹಾಳೆಯಾಗಿದೆ.

ಎರಡನೆಯ ಲೆಕ್ಕ ಮಾತಿಗೆ ಸಿಗುವ ಸಮಯದ್ದು. ಕಾರ್ಯಕ್ರಮ ಪಟ್ಟಿಯಲ್ಲಿ ದ್ವಿಪಕ್ಷೀಯ ಮಾತುಕತೆಗೆ 30 ನಿಮಿಷವೆಂದಿದ್ದರೆ, ಹಸ್ತಲಾಘವಕ್ಕೂ ಛಾಯಾಚಿತ್ರಕ್ಕೂ 6 ನಿಮಿಷ ಹೋಗುತ್ತದೆ. ದುಭಾಷಿಯು ಒಬ್ಬರು ಮಾತು ನಿಲ್ಲಿಸಿದ ಮೇಲೆ ಅನುವಾದಿಸುವವರಾದರೆ ಉಳಿದ 24 ನಿಮಿಷ 12ಕ್ಕೆ ಇಳಿಯುತ್ತದೆ, ಅದರಲ್ಲಿ ಅರ್ಧ ಎದುರು ಪಕ್ಷದ್ದು. ಸಚಿವರ ಪಾಲಿಗೆ ಉಳಿಯುವುದು 6 ನಿಮಿಷ! ಹನ್ನೆರಡು ಅಂಶಗಳ ಟಿಪ್ಪಣಿಯನ್ನು ಬರೆದು ಕಳುಹಿಸುವ ಇಲಾಖೆಗಳಿಗೆ ನಾನು ಈ ಲೆಕ್ಕವನ್ನೇ ಉತ್ತರವಾಗಿ ಕಳುಹಿಸುತ್ತೇನೆ, ಮೂರು ಅಂಶಗಳಿಗಿಂತ ಹೆಚ್ಚನ್ನು ಸ್ವೀಕರಿಸುವುದಿಲ್ಲ.

ಸಚಿವರು ಸರ್ಕಾರಿ ವಿಮಾನದಲ್ಲಿ ಹೋಗುವುದಾದರೆ ದಿನಾಂಕವನ್ನು ಕೊನೆಗಳಿಗೆಯಲ್ಲಿ ಬದಲಿಸುವುದು ಕಷ್ಟ. 1944ರ ಶಿಕಾಗೋ ಒಡಂಬಡಿಕೆಯಂತೆ ಸರ್ಕಾರಿ ವಿಮಾನವು ಪರದೇಶದ ಮೇಲೆ ಹಾರಲು ಆ ದೇಶದ ಅನುಮತಿ ಬೇಕೇ ಬೇಕು. ದಾರಿಯಲ್ಲಿ ಐದು ದೇಶಗಳಿದ್ದರೆ ರಾಯಭಾರ ಕಚೇರಿಗಳ ಮೂಲಕ ಐದು ಕೋರಿಕೆಗಳು. ಬಾಡಿಗೆ ವಾಹನ, ವಸತಿ, ರಾಜತಾಂತ್ರಿಕ ವೀಸಾ ಮೊದಲಾದವು ಅನುಭವಿ ಸಹಾಯಕರಿದ್ದರೆ ತಾವಾಗಿ ಸಾಗುತ್ತವೆ.

ಆಸನ ಹಾಗೂ ಧ್ವಜಗಳ ಕ್ರಮವನ್ನು ಹೊರಗಿನವರು ಒಣಪ್ರತಿಷ್ಠೆಯೆಂದು ನಗುವುದುಂಟು. ಹಲವು ದೇಶಗಳ ಸಚಿವರು ಸೇರುವಲ್ಲಿ ಅಕ್ಷರಾನುಕ್ರಮದಲ್ಲಿ ಕೂರಿಸುವುದು ನಿರಪಾಯವೆನಿಸಿದರೂ, ಯಾವ ಭಾಷೆಯ ಅಕ್ಷರಮಾಲೆ ಎಂದು ಮೊದಲೇ ಕೇಳದಿದ್ದರೆ ಸಚಿವರು ನಾವೆಣಿಸಿದ ನೆರೆಯವರ ಬದಲು ಮತ್ತಾರದೋ ಪಕ್ಕದಲ್ಲಿ ಕುಳಿತಿರುತ್ತಾರೆ. ಇಬ್ಬರ ನಡುವಿನ ಒಪ್ಪಂದದಲ್ಲಿ ಮಾತ್ರ ರೂಢಿ ಸರಳ: ಪ್ರತಿಯೊಂದು ದೇಶವೂ ತಾನು ಇಟ್ಟುಕೊಳ್ಳುವ ಪ್ರತಿಯಲ್ಲಿ ತನ್ನ ಹೆಸರನ್ನೇ ಮೊದಲು ನೋಡುತ್ತದೆ.

ಮುಂಗಡ ತಂಡದೊಂದಿಗೆ ಹೋದಾಗ ಸಚಿವರು ನಡೆಯಬೇಕಾದ ಪ್ರತಿಯೊಂದು ದಾರಿಯನ್ನೂ ಗಡಿಯಾರ ಹಿಡಿದು ಅವರದೇ ನಡಿಗೆಯ ವೇಗದಲ್ಲಿ ನಡೆದು ನೋಡುತ್ತೇನೆ. ಲಿಫ್ಟ್‌ಗಾಗಿ ಕಾಯುವುದನ್ನೂ ಎಣಿಸುತ್ತೇನೆ. ಕೊನೆಗೆ ಮಧ್ಯಾಹ್ನದ ಪಟ್ಟಿಯಲ್ಲಿ 20 ನಿಮಿಷವನ್ನು ಖಾಲಿ ಬಿಡುತ್ತೇನೆ. ಅಲ್ಲಿ ‘ವಿಶ್ರಾಂತಿ’ ಎಂದು ಬರೆದರೆ ಯಾರಾದರೂ ಇನ್ನೊಂದು ಭೇಟಿಯನ್ನು ತುರುಕುತ್ತಾರೆ. ಆದ್ದರಿಂದ ‘ಕಡತ ಪರಿಶೀಲನೆ’ ಎಂದು ಬರೆಯುತ್ತೇನೆ. ಇದುವರೆಗೆ ಯಾರೂ ಅದನ್ನು ಪ್ರಶ್ನಿಸಿಲ್ಲ.