ಶಾಸನ ತೋರಿಸಲು ಕಾನ್ಹೇರಿಗೆ ಜನರನ್ನು ಕರೆತಂದದ್ದು: ನನ್ನ ಅನುಭವ

"ಮುಂಬಯಿಯಲ್ಲಿ ಶಾಸನ ನೋಡಲು ಯಾರು ಬರ್ತಾರೆ ಮಾರಾಯ್ರೆ?" ಎಂದು ನಮ್ಮ ಸಂಘದ ಹಿರಿಯರು ನಕ್ಕಿದ್ದರು, ಬೊರಿವಲಿಯ ಕಾಡಿನಲ್ಲಿರುವ ಕಾನ್ಹೇರಿ ಬೌದ್ಧ ಗುಹೆಗಳ ಶಾಸನ ತೋರಿಸುತ್ತೇನೆ ಎಂದಾಗ. ಈಗ ಅವರ ಮೊಮ್ಮಕ್ಕಳೇ ನನ್ನ ತಂಡದಲ್ಲಿದ್ದಾರೆ.

ಮೊದಲು ಹಾಲ್ ಹಿಡಿದು ಸ್ಲೈಡ್ ತೋರಿಸಿದೆ. ಬಾಡಿಗೆ, ಪ್ರೊಜೆಕ್ಟರ್, ಗೋಳಿಬಜೆ ಸೇರಿ 4,000ದ ಹತ್ತಿರ ಹೋಯಿತು. ಬಂದವರಲ್ಲಿ ಅರ್ಧ ಜನ ಗೋಳಿಬಜೆಗೇ ಬಂದವರು. ಆಮೇಲೆ ಮರಳಿನ ಗುಂಡಿಯಲ್ಲಿ ಮಡಕೆ ಚೂರು ಹೂತು ಮಕ್ಕಳಿಂದ ಅಗೆಸಿದೆ. ಎಲ್ಲರೂ ಮಾಡೋದೇ ಅಲ್ವಾ? ಮಣ್ಣಿನ ಪದರ ನೋಡಿ ಕಾಲ ತಿಳಿಯೋದೆಲ್ಲ ಯಾರಿಗೂ ಬೇಡ. ಗುಂಡಿ ಗಳಿಗೆಯಲ್ಲಿ ಖಾಲಿ. "ಅಂಕಲ್, ಚಿನ್ನ ಎಲ್ಲಿ?"

ಕೊನೆಗೆ ಕೈ ಹಿಡಿದದ್ದು ಶಾಸನದ ಅಚ್ಚು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ಕಾನ್ಹೇರಿಯ ಗೋಡೆ ಮೇಲೆ ಅನುಮತಿಯಿಲ್ಲದೆ ಅದನ್ನು ತೆಗೆಯುವ ಹಾಗಿಲ್ಲ. ಅದಕ್ಕೆ ಒರಳುಕಲ್ಲಿಗೆ ಉಳಿ ಹೊಡೆಯುವವರನ್ನು ಹಿಡಿದು, ಕಡಪ ಕಲ್ಲಿನ ಮೇಲೆ ನಮ್ಮ ಲಿಪಿಗಳ ಮೂಲವಾದ ಹಳೆಯ ಬ್ರಾಹ್ಮಿ ಲಿಪಿಯ ಅಕ್ಷರ ಕೆತ್ತಿಸಿದೆ. 1,500 ಚಿಲ್ಲರೆ ಆಯಿತು. ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಇನ್ನೂ ಸ್ವಲ್ಪ ತೇವ ಇರುವಾಗಲೇ ಮಸಿ ಹಚ್ಚಿದ ಬಟ್ಟೆ ಉಂಡೆ ಒತ್ತಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಕಾಗದ ಬೇಗ ಆರುವುದಿಲ್ಲ. ಹೇರ್ ಡ್ರೈಯರ್ ಹಿಡಿದೆ, ಮುದುರಿಕೊಂಡಿತು. ಯಾವ ಕಾಗದ, ನೀರಿಗೆ ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೂಡಿಸುವ ಗುರುತಿನ ಹಾಗಿರುವ ಕ, ದುಂಡನೆಯ ಠ ಬಿದ್ದದ್ದೇ ತಡ, ಒಬ್ಬ ಹುಡುಗಿ "ಠ ಇನ್ನೂ ಹಾಗೇ ಇದೆ!" ಎಂದು ಕೂಗಿದಳು.

ಅಚ್ಚು ತೆಗೆದವರು ಭಾನುವಾರ ತಾವಾಗಿಯೇ ಗುಹೆಗೆ ಹೋಗುವ ಉದ್ಯಾನದ ಬೊರಿವಲಿ ಗೇಟಿಗೆ ಬರುತ್ತಾರೆ. 3ನೇ ಗುಹೆಯ ಚೈತ್ಯದಲ್ಲಿ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ನಾನು ಬಾಯಿ ಬಿಡುವುದಿಲ್ಲ. ಅಕ್ಷರ ಅವರೇ ಹುಡುಕಬೇಕು. ಮೇಲೆ ಹೋದ ಮೇಲೆ, ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ, ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಕಪರ್ದಿಯದೂ ಇದೆ ಎಂದು ಹೇಳುತ್ತೇನೆ. ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದ ಹೋಟೆಲ್ ಮಾಲೀಕರೂ ಹತ್ತಿರ ಬರುತ್ತಾರೆ.

ಸುಮ್ನೆ ನೋಡೋಣ ಎಂದು ಒಂದು ಮಳೆಗಾಲ ಬಂಡೆಯಲ್ಲಿ ಕೊರೆದ ಕಾಲುವೆ ಹಿಡಿದು ನೀರಿನ ಹಿಂದೆಯೇ ನಡೆಸಿದೆ. ಗುಹೆ ಗುಹೆಗೂ ತೊಟ್ಟಿ ತುಂಬುವುದು ಕಣ್ಣೆದುರೇ ಕಾಣುತ್ತದೆ. ನಲ್ಲಿ ನೀರಿಗೆ ಕಾದು ಬೆಳೆದ ಚಾಳಿನ ಸಾಲುಮನೆಗಳ ಹೆಂಗಸರಿಗೆ ಬುದ್ಧನ ಮೂರ್ತಿಗಿಂತ ಇದೇ ಜಾಸ್ತಿ ಹಿಡಿಸಿತು.

ಪುಕ್ಕಟೆ ಇಟ್ಟಾಗ ಹೆಸರು ಕೊಟ್ಟವರು ನಲವತ್ತರಷ್ಟು, ಬಂದವರು ಹತ್ತೂ ಇಲ್ಲ. 200 ರೂಪಾಯಿ ಮುಂಗಡ ಇಟ್ಟೆ, ಹೆಚ್ಚುಕಮ್ಮಿ ಎಲ್ಲರೂ ಬಂದರು. ಈಗ ಖರ್ಚು ಕಳೆದು ಒಂದು ಸಲಕ್ಕೆ ಸಾವಿರದಷ್ಟು ಉಳಿಯುತ್ತದೆ. ಆ ದುಡ್ಡಿನಲ್ಲಿ ಎರಡನೇ ಕಲ್ಲು ಕೆತ್ತಲು ಕೊಟ್ಟಿದ್ದೇನೆ, ಈ ಸಲ ಹಳಗನ್ನಡ ಲಿಪಿ.